ದಿನದ ಮೊದಲ ಸ್ಲೀವ್

ಸೊಲ್ಲಾಪುರದ ಆ ವರ್ಕ್‌ಶಾಪಿನಲ್ಲಿ ನಾವು ದಿನಕ್ಕೆ ನಾಲ್ಕು ಸ್ಲೀವ್‌ಗಳಿಗೆ ಪ್ಲಾಸ್ಮಾ ಲೇಪನ ಹಾಕುತ್ತಿದ್ದೆವು. ಮೊದಲನೆಯದು ಕೆಡುತ್ತಿತ್ತು. ಉಳಿದ ಮೂರು ಚೆನ್ನಾಗಿ ಬರುತ್ತಿದ್ದವು. ಈಗ ಇಷ್ಟು ಸರಳವಾಗಿ ಹೇಳುತ್ತಿದ್ದೇನೆ, ಆದರೆ ಆಗ ಇಷ್ಟನ್ನು ಕಾಣಲೂ ನನಗೆ ವಾರದ ಮೇಲೆ ಬೇಕಾಯಿತು. ವಾರವೋ ಹತ್ತು ದಿನವೋ, ಆಣೆ ಮಾಡಿ ಹೇಳಲಾರೆ. ನನ್ನ ನೆನಪಿನ ಮೇಲೆ ಆಣೆ ಮಾಡುವುದನ್ನು ಬಿಟ್ಟದ್ದೇ ಆ ಕೆಲಸದಿಂದ.

ಸ್ಲೀವ್ ಎಂದರೆ ಪಂಪಿನ ಶಾಫ್ಟಿಗೆ ತೊಡಿಸುವ ಗೇಣುದ್ದದ ಉಕ್ಕಿನ ಕೊಳವೆ. ನೀರು ಸೋರದಂತೆ ಅದರ ಸುತ್ತ ಹಗ್ಗದಂಥ ಪ್ಯಾಕಿಂಗ್ ಬಿಗಿದಿರುತ್ತಾರೆ. ಅಕ್ಕಲಕೋಟೆ ಕಡೆಯ ಒಂದು ಪಂಪ್ ಹೌಸಿನಲ್ಲಿ ನದಿಯ ನೀರಿನೊಂದಿಗೆ ಬರುವ ಸಣ್ಣ ಉಸುಕು ಆ ಪ್ಯಾಕಿಂಗಿನಲ್ಲಿ ಸಿಕ್ಕಿಕೊಂಡು ಸ್ಲೀವನ್ನು ಕಾನಸಿನಿಂದ, ಅಂದರೆ ಅರದಿಂದ, ಉಜ್ಜಿದಂತೆ ಸವೆಸುತ್ತಿತ್ತು. ತಿಂಗಳು ಒಂದೂವರೆ ತಿಂಗಳಿಗೆ ಪಂಪ್ ಬಿಚ್ಚಬೇಕು. ಸ್ಲೀವಿನ ಮೇಲೆ ಪಿಂಗಾಣಿಯಷ್ಟು ಗಟ್ಟಿಯಾದ ಪದರ ಹಾಕಿಕೊಟ್ಟರೆ ಇದು ತಪ್ಪುತ್ತದೆ ಎಂದು ನಮ್ಮ ಸಾವ್ಕಾರರು ಅಲ್ಲಿನ ಎಂಜಿನಿಯರಿಗೆ ಮಾತು ಕೊಟ್ಟು ಬಂದಿದ್ದರು. ಪರೀಕ್ಷೆಗೆ ಹನ್ನೆರಡು ಸ್ಲೀವ್ ಕೊಡಬೇಕಿತ್ತು. ಹನ್ನೆರಡರಲ್ಲಿ ಒಂದು ಕೆಟ್ಟರೂ ಮುಂದಿನ ಮಾತಿಲ್ಲ. ಸಾವ್ಕಾರರದು ಮೂರು ತಲೆಮಾರಿನ ನೂಲಿನ ವ್ಯಾಪಾರ. ಮುಂಬೈಯಲ್ಲಿ ಯಾರೋ ತೋರಿಸಿದರೆಂದು ಪ್ಲಾಸ್ಮಾ ಗನ್ ತಂದುಕೊಂಡಿದ್ದರು. ಅದನ್ನು ನಡೆಸಲು ವಿಶ್ವವಿದ್ಯಾಲಯದಲ್ಲಿ ಲೋಹಶಾಸ್ತ್ರ ಓದಿದ ನನ್ನನ್ನು ಕರೆತಂದಿದ್ದರು.

ಗನ್ ಎಂದರೆ ಅಂಥ ದೊಡ್ಡದಲ್ಲ, ಒಂದು ಕೈಯಲ್ಲಿ ಹಿಡಿಯಬಹುದು. ಒಳಗೆ ಟಂಗ್‌ಸ್ಟನ್ ಕಡ್ಡಿ, ಹೊರಗೆ ನೀರು ಹಾಯಿಸಿ ತಣ್ಣಗಿಟ್ಟ ತಾಮ್ರದ ನಾಜಲ್. ಎರಡರ ನಡುವೆ ವಿದ್ಯುತ್ ಕಿಡಿ ಹಚ್ಚಿ ಆರ್ಗಾನ್ ಅನಿಲ ಬಿಟ್ಟರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿ ನೋಡಲಾಗದಷ್ಟು ಬಿಳಿಯ ನಾಲಿಗೆ ಹೊರಬರುತ್ತದೆ. ಅದೇ ಪ್ಲಾಸ್ಮಾ. ಅದರೊಳಗೆ ಬೂದು ಬಣ್ಣದ ಅಲ್ಯೂಮಿನಾ ಪುಡಿ ಸುರಿದರೆ ಪುಡಿ ಕರಗಿ ಹನಿಹನಿಯಾಗಿ ಹಾರಿ, ಲೇಥ್ ಯಂತ್ರದಲ್ಲಿ ತಿರುಗುತ್ತಿರುವ ಸ್ಲೀವಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಇದು ಬೆಸುಗೆಯಲ್ಲ. ಹನಿಗಳು ಉಕ್ಕಿನ ಒರಟಿಗೆ ಕಚ್ಚಿಕೊಂಡು ನಿಲ್ಲುತ್ತವೆ, ಅಷ್ಟೆ. ಆದ್ದರಿಂದ ಮೊದಲು ಗಾಳಿಯ ಒತ್ತಡದಲ್ಲಿ ಗ್ರಿಟ್, ಅಂದರೆ ಚೂಪು ಹರಳು, ಹೊಡೆದು ಉಕ್ಕನ್ನು ಒರಟು ಮಾಡಬೇಕು. ಆ ಒರಟು ಚೊಕ್ಕವಾಗಿರಬೇಕು. ಕೊನೆಗೆ ಲೇಪನವನ್ನು ಗ್ರೈಂಡಿಂಗ್ ಚಕ್ರಕ್ಕೆ ಹಿಡಿದು ನಯ ಮಾಡಬೇಕು. ನಮ್ಮ ಸ್ಲೀವ್‌ಗಳು ಕೆಡುತ್ತಿದ್ದದ್ದು ಈ ಕೊನೆಯ ಹಂತದಲ್ಲಿ. ಚಕ್ರ ತಾಗಿದೊಡನೆ ಲೇಪನ ಚಕ್ಕೆಯಾಗಿ ಎದ್ದು ಬರುತ್ತಿತ್ತು.

ಲೇಥ್ ಮತ್ತು ಗ್ರಿಟ್ ಎರಡೂ ಮಿಸ್ತ್ರಿಯವರ ಕೈಯಲ್ಲಿದ್ದವು. ಅವರು ಹತ್ತಿರದ ಕುಂಭಾರಿ ಊರಿನವರು, ದಿನಾ ಬಸ್ಸಿಗೆ ಬರುತ್ತಿದ್ದರು. ಐವತ್ತು ದಾಟಿದ ವಯಸ್ಸು. ಮೊದಲು ಬಟ್ಟೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಅಲ್ಲಿನ ಸದ್ದಿಗೆ ಎಡಗಿವಿ ಅರ್ಧ ಹೋಗಿತ್ತು. ಪ್ಲಾಸ್ಮಾ ಅವರಿಗೆ ಹಿಡಿಸಿರಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. "ಈ ಬೂದಿ ನನ್ನ ಲೇಥ್ ತಿನ್ನಾಕತ್ತದ್ರಿ" ಎಂದು ಸಾವ್ಕಾರರ ಮುಂದೆಯೇ ಅನ್ನುತ್ತಿದ್ದರು. ಮಾತು ಸುಳ್ಳಲ್ಲ. ಕರಗದೆ ಉಳಿದ ಪುಡಿ ಲೇಥಿನ ಹಾಸಿನ ಮೇಲೆ ಬಿದ್ದು ಉಜ್ಜುತ್ತಿತ್ತು.

ಮೊದಲನೆಯದು ಮಾತ್ರ ಕೆಡುತ್ತದೆ ಎಂದು ಗೊತ್ತಾದಾಗ ಮಿಸ್ತ್ರಿ ತಲೆ ಕೆಡಿಸಿಕೊಳ್ಳಲಿಲ್ಲ.

"ಸಾಯಬ್ರ, ಮೊದಲನೇದು ದೇವರ ಪಾಲು ಅಂತ ಬಿಡ್ರಿ. ಮೂರು ಬರಾಕತ್ತಾವಲ್ಲ?"

"ದೇವರಿಗೆ ಸ್ಲೀವ್ ಯಾಕ ಬೇಕು ಮಿಸ್ತ್ರಿ? ಅವನ ಹತ್ರ ಪಂಪ್ ಅದ ಏನು?"

"ಇರಬೇಕ್ರಿ. ಇಲ್ಲಂದ್ರ ಮಳಿ ಎಲ್ಲಿಂದ ಬರ್ತದ?"

ನಕ್ಕೆ. ಆದರೆ ಬಿಡುವಂತಿರಲಿಲ್ಲ. ಮೊದಲನೆಯದು ಯಾಕೆ ಕೆಡುತ್ತದೆ ಎಂದು ಗೊತ್ತಾಗದೆ ಉಳಿದ ಮೂರನ್ನು ಪಂಪಿಗೆ ಹಾಕಲು ನನಗೆ ಧೈರ್ಯ ಬರಲಿಲ್ಲ.

ಪುಡಿಗೆ ರಾತ್ರಿಯ ತೇವ ಹಿಡಿಯುತ್ತದೆಂದು ವೆಲ್ಡಿಂಗ್ ರಾಡ್ ಒಣಗಿಸುವ ಪೆಟ್ಟಿಗೆಯಲ್ಲಿಟ್ಟು ಕಾಯಿಸಿದೆ. ಮೊದಲನೆಯದು ಕೆಟ್ಟಿತು. ರಬ್ಬರ್ ನಳಿಕೆಯಲ್ಲಿ ನಿಂತ ಗಾಳಿ ಸೇರುತ್ತದೆಂದು ಐದು ನಿಮಿಷ ಆರ್ಗಾನ್ ಸುಮ್ಮನೆ ಹಾಯಿಸಿದೆ. ಮೊದಲನೆಯದು ಕೆಟ್ಟಿತು. ಬೆಳಿಗ್ಗೆ ಗಿರಣಿಗಳ ಪಾಳಿ ಶುರುವಾಗುವಾಗ ವೋಲ್ಟೇಜ್ ಇಳಿಯುತ್ತದೆಂದು ಹತ್ತೂವರೆಯವರೆಗೆ ಕಾದು ಶುರು ಮಾಡಿದೆ. ಹತ್ತೂವರೆಗೆ ಶುರು ಮಾಡಿದ ಮೊದಲನೆಯದೂ ಕೆಟ್ಟಿತು. ಹೊರಗೆ ಏಪ್ರಿಲ್ ತಿಂಗಳ ಬಿಸಿಲು, ಒಳಗೆ ಗನ್ನಿನ ಕಾವು, ಕಿವಿಯಲ್ಲಿ ಅದರ ಕಿರುಚಾಟ. ಸಂಜೆ ಕೊಠಡಿಗೆ ಹೋದರೆ ಕಣ್ಣು ಮುಚ್ಚಿದರೂ ಬಿಳಿಯ ನಾಲಿಗೆ ಕಾಣುತ್ತಿತ್ತು. ಊಟದ ತಟ್ಟೆಯ ಮುಂದೆ ಕೂತು ಏನು ತಿಂದೆನೆಂದು ತಿಳಿಯುತ್ತಿರಲಿಲ್ಲ.

ಒಂದು ದಿನ ಹನ್ನೊಂದಕ್ಕೆ ಕರೆಂಟ್ ಹೋಗಿ ಎರಡಕ್ಕೆ ಬಂತು. ಬಂದ ಮೇಲೆ ಮಾಡಿದ ಮೊದಲ ಸ್ಲೀವ್ ಕೂಡ ಚಕ್ಕೆ ಎದ್ದಿತು. ನನಗೆ ಸಮಾಧಾನವೇ ಆಯಿತು. ಗನ್ ತಣ್ಣಗಿದ್ದಾಗ ಪುಡಿ ಸರಿಯಾಗಿ ಕರಗುವುದಿಲ್ಲ, ಕಾದ ಮೇಲೆ ಕರಗುತ್ತದೆ. ಎಷ್ಟು ಚೆನ್ನಾಗಿ ಹೊಂದುತ್ತದೆ! ಎದ್ದ ಚಕ್ಕೆಗಳು ನಾಲ್ಕಾಣೆ ನಾಣ್ಯದಷ್ಟು ಅಗಲ, ಪ್ರತಿ ಸಲ ಮೂರು, ಒಂದೇ ಸಾಲಿನಲ್ಲಿ. ಅದಕ್ಕೂ ಕಾರಣ ಹುಡುಕಿದೆ. ಪುಡಿ ತಳ್ಳುವ ಯಂತ್ರ ತಣ್ಣಗಿದ್ದಾಗ ಬಿಟ್ಟು ಬಿಟ್ಟು ತಳ್ಳುತ್ತದೆ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದೆ. ಬೆಳಗಾಗೆದ್ದು ಹತ್ತು ನಿಮಿಷ ಗನ್ ಖಾಲಿ ಓಡಿಸಿದೆ. ಪುಣೆಯಿಂದ ಲಾರಿಯಲ್ಲಿ ಬರುವ ಆರ್ಗಾನ್ ಹಾಗೆಯೇ ಗಾಳಿಗೆ ಹೋಗುತ್ತಿತ್ತು.

ಗನ್ ಕಾಯಿಸಲು ಶುರು ಮಾಡಿದ ದಿನವೇ ಮಿಸ್ತ್ರಿ ತಂಗಿಯ ಬಸುರಿ ಮಗಳ ಕುಬಸಕ್ಕೆಂದು ಹುಲಜಂತಿಗೆ ಹೋದರು. ಎರಡು ದಿನ ಲೇಥ್, ಗ್ರಿಟ್, ಗನ್ ಎಲ್ಲವನ್ನೂ ನಾನೇ ನೋಡಿಕೊಂಡೆ. ಎಂಟು ಸ್ಲೀವ್ ಮಾಡಿದೆ. ಎಂಟೂ ನಿಂತವು. ಗನ್ ಕಾಯಿಸಿದ್ದೇ ಮದ್ದು ಎಂದು ಸಾವ್ಕಾರರಿಗೆ ಹೇಳಿದೆ. ಅವರು ನೋಡಲು ಬರುತ್ತೇನೆಂದರು. ಮೂರನೆಯ ದಿನ ಬಂದು ಗ್ರೈಂಡಿಂಗ್ ಯಂತ್ರದ ಪಕ್ಕ ನಿಂತರು. ಅಂದು ಮಿಸ್ತ್ರಿಯೂ ಕೆಲಸಕ್ಕೆ ಮರಳಿದ್ದರು. ಮೊದಲ ಸ್ಲೀವಿಗೆ ಚಕ್ರ ತಾಗಿತು. ಮೂರು ಚಕ್ಕೆ ಒಂದೇ ಸಾಲಿನಲ್ಲಿ ಎದ್ದು ಸಾವ್ಕಾರರ ಚಪ್ಪಲಿಯ ಹತ್ತಿರ ಬಿದ್ದವು.

ಅವರು ನನ್ನನ್ನು ಆಫೀಸಿಗೆ ಕರೆದರು.

"ಎಂಜಿನಿಯರ್ರ, ಎರಡು ದಿನ ಅವಾ ಇರಲಿಲ್ಲ, ಎಂಟಕ್ಕ ಎಂಟು ಬಂದ್ವು. ಇವತ್ತ ಬಂದಾನ, ಮೊದಲನೇದ ಹೋತು. ಇನ್ನೇನು ಹುಡಕಾಕತ್ತೀರಿ? ನಿಮ್ಮ ಸಾಯನ್ಸ್ ಅಂದ್ರ ಇದ ಅಲ್ಲೇನು?"

ನೂಲಿನ ವ್ಯಾಪಾರಿ ಎರಡು ವಾಕ್ಯದಲ್ಲಿ ಮಾಡಿದ ತರ್ಕ ನಾನು ಅಷ್ಟು ದಿನದಲ್ಲಿ ಮಾಡಿದ್ದಕ್ಕಿಂತ ಸರಿಯಾಗಿತ್ತು.

"ಬೇಕಂತ ಮಾಡಾಕತ್ತಾನ. ಲೇಥ್ ಹಾಳಾಗ್ತದ ಅಂತ ಮೊದಲಿಂದ ಅವಂಗ ಸಿಟ್ಟು. ನೀವು ಒಂದು ಚೀಟಿ ಬರದ ಕೊಡ್ರಿ, ಇವನಿಂದ ಕಾಮ ಕೆಡ್ತದ ಅಂತ. ಉಳಿದದ್ದು ನಾ ನೋಡ್ಕೋತೀನಿ."

"ಸೋಮವಾರದ ತನಕ ಬಿಡ್ರಿ ಸಾವ್ಕಾರ್ರ."

"ಸೋಮವಾರ ಅಂದ್ರ ಸೋಮವಾರ, ನಕ್ಕಿ. ಆಮ್ಯಾಲ ತಾರೀಖ ಮುಂದ ಸರಿಯಂಗಿಲ್ಲ."

ಐವತ್ತು ದಾಟಿದ, ಅರ್ಧ ಕಿವುಡಾದ ಲೇಥ್ ಕೆಲಸಗಾರನಿಗೆ ಆ ಊರಿನಲ್ಲಿ ಇನ್ನೊಂದು ಕೆಲಸ ಸಿಗುವುದು ಕಷ್ಟ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಭಾನುವಾರ ಚೀಟಿ ಬರೆಯಲು ಕೂತದ್ದು ಹೌದು. ಬರೆದು ಮುಗಿಸಿದೆನೋ, ಅರ್ಧಕ್ಕೆ ಬಿಟ್ಟೆನೋ, ಅದು ಮಸುಕು. ಮುಗಿಸಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ.

ಅಲ್ಲಿಯವರೆಗೆ ಪ್ರತಿದಿನ ಕೆಲಸ ಶುರುವಾಗುವಾಗ ನಾನು ಗೋಡೆಯ ಆಚೆ, ವಿದ್ಯುತ್ ಕೊಡುವ ಯಂತ್ರದ ಫಲಕದ ಮುಂದೆ ಇರುತ್ತಿದ್ದೆ. ಲೇಥಿನ ಕಡೆ ಏನು ನಡೆಯುತ್ತದೆಂದು ಕಾಣುತ್ತಿರಲಿಲ್ಲ. ಸೋಮವಾರ ಫಲಕದ ಕಡೆ ಹೋಗಲೇ ಇಲ್ಲ. ಮಿಸ್ತ್ರಿಗೆ, "ಗನ್ ಬಂದ್ ಇರ್ಲಿ. ನಾ ಇಲ್ಲ ಅಂತ ತಿಳ್ಕೊಂಡು ದಿನಾ ಮಾಡಿದಂಗ ಮಾಡ್ರಿ" ಎಂದೆ.

"ನೀವು ಇಲ್ಲಂತ ಹ್ಯಾಂಗ ತಿಳ್ಕೊಳ್ಳಲಿ? ಇಷ್ಟ ದೊಡ್ಡ ಕನ್ನಡಕ ಹಾಕ್ಕೊಂಡು ಎದುರಿಗೇ ನಿಂತೀರಿ" ಎಂದು ಗೊಣಗುತ್ತ ಶುರು ಮಾಡಿದರು.

ಸ್ಲೀವಿಗೆ ಗ್ರಿಟ್ ಹೊಡೆದರು. ಚೊಕ್ಕ ಬಟ್ಟೆಯಲ್ಲಿ ಹಿಡಿದು ತಂದು ಲೇಥಿಗೆ ಬಿಗಿದರು. ತಪ್ಪಿಲ್ಲ. ಹಿಂದಿನ ದಿನದ ಬೂದಿಯನ್ನು ಲೇಥಿನ ಹಾಸಿನಿಂದ ಒರೆಸಿದರು. ಎಣ್ಣೆ ಬಿಟ್ಟರು. ಮಗುವಿನ ತಲೆಗೆ ಎಣ್ಣೆ ಒತ್ತುವಂತೆ ಬಲ ಅಂಗೈಯಿಂದ ಹಾಸಿನುದ್ದಕ್ಕೂ ಸವರಿದರು. ಚಿಂದಿಯಲ್ಲಿ ಕೈ ಒರೆಸಿಕೊಂಡರು. ಬಳಿಕ ಟೊಪ್ಪಿಗೆ ಸರಿ ಮಾಡಿಕೊಂಡು, ಬಾಗಿ, ಬಲಗೈಯ ಮೂರು ಬೆರಳಿನಿಂದ ಸ್ಲೀವನ್ನು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು.

"ಮಿಸ್ತ್ರಿ, ಈಗೇನು ಮಾಡಿದ್ರಿ?"

"ಎಲ್ಲಿ ಏನು ಮಾಡೀನ್ರಿ?"

"ಸ್ಲೀವ್ ಮುಟ್ಟಿದ್ರಲ್ಲ."

"ನಮಸ್ಕಾರ ಮಾಡ್ದೆ. ಮಾಡಬಾರದೇನು?"

"ದಿನಾ ಮಾಡ್ತೀರೇನು?"

"ದಿನಾ ಊಟ ಮಾಡ್ತೀವಿಲ್ಲೋ?"

"ಎಲ್ಲಾ ಸ್ಲೀವಿಗೂ?"

"ಎಲ್ಲಾಕ್ಕೂ ಯಾಕ? ಸುರು ಮಾಡೋ ಮುಂದ ಒಮ್ಮೆ. ನಡುವ ಕರೆಂಟ್ ಹೋಗಿ ಬಂದ್ರ ಮತ್ತೊಮ್ಮೆ. ಬಂದ್ ಬಿದ್ದ ಕೆಲಸ ಮತ್ತ ಸುರು ಮಾಡಬೇಕಂದ್ರ ಅಪ್ಪಣಿ ಕೇಳಬ್ಯಾಡೇನು ಅದನ್ನ?"

ನಾನು ಅಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕುಳಿತೆ. ಸಂತೋಷ ಆಗಲಿಲ್ಲ. ಎದ್ದುಹೋದ ಚಕ್ಕೆಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದೆ. ತೆಗೆದು ಒಳಮೈ ತಿರುವಿ ನೋಡಿದೆ. ಪ್ರತಿಯೊಂದರಲ್ಲೂ ತೆಳುವಾದ ಕಂದು ಕಲೆ. ಅದನ್ನು ಮೊದಲೂ ನೋಡಿದ್ದೆ, ಗನ್ನಿನ ಶಾಖದ ಬಣ್ಣ ಎಂದುಕೊಂಡಿದ್ದೆ. ಅದು ಸುಟ್ಟ ಎಣ್ಣೆ.

ಆದರೂ ಊಹೆಯನ್ನು ನಂಬುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಅಂದೇ ನಾಲ್ಕು ಸ್ಲೀವ್ ಮಾಡಿದೆವು. ಮೊದಲನೆಯದನ್ನು ಯಾರೂ ಮುಟ್ಟಲಿಲ್ಲ. ಎರಡನೆಯದನ್ನು ಮಿಸ್ತ್ರಿ ಮುಟ್ಟಿದರು. ಮೂರನೆಯದನ್ನು ಲೇಥಿನ ಹಾಸಿಗೆ ಕೈ ಸವರಿ, ಚಿಂದಿಯಲ್ಲಿ ಒರೆಸಿಕೊಂಡು, ನಾನು ಮುಟ್ಟಿದೆ. ನಾಲ್ಕನೆಯದು ಮತ್ತೆ ಯಾರೂ ಮುಟ್ಟದ್ದು. ಗ್ರೈಂಡಿಂಗಿನಲ್ಲಿ ಎರಡನೆಯದು ಮತ್ತು ಮೂರನೆಯದು ಚಕ್ಕೆ ಎದ್ದವು. ನನ್ನ ಮೂರು ಬೆರಳು ಅವರ ಮೂರು ಬೆರಳಿಗಿಂತ ಸ್ವಲ್ಪ ಸಣ್ಣವು, ವ್ಯತ್ಯಾಸ ಅಷ್ಟೇ.

ಇಬ್ಬರೂ ಸಾವ್ಕಾರರ ಹತ್ತಿರ ಹೋದೆವು. ಸ್ಲೀವ್‌ಗಳನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಅವರು ಚಕ್ಕೆ ಎದ್ದ ಜಾಗದಲ್ಲಿ ತಮ್ಮ ಬೆರಳನ್ನೇ ಇಟ್ಟು ನೋಡಿದರು. ಬೇಕೆಂದು ಮಾಡಿದ್ದಲ್ಲ ಎಂಬುದು ಅವರಿಗೂ ಗೊತ್ತಾಯಿತು. ಆದರೆ ಹಿಡಿದ ಎಳೆ ಬಿಡಲಿಲ್ಲ.

"ಗ್ರಿಟ್ ಹೊಡದ ಮ್ಯಾಲ ಕೈ ಹಚ್ಚಬಾರದು ಅಂತ ನಿಮಗ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಇವಂಗ ಹೇಳಿದ್ರೇನು?"

ನಾನು ಬಾಯಿ ತೆರೆಯುವ ಮೊದಲೇ ಮಿಸ್ತ್ರಿ, "ಇಲ್ರಿ ಸಾವ್ಕಾರ್ರ, ಹೇಳಿಲ್ಲ" ಎಂದರು.

"ನಿನಗ ಕೇಳಿಲ್ಲ ನಾ. ಎಂಜಿನಿಯರ್ರ, ನೀವು ಹೇಳ್ರಿ. ಹೇಳಿದ ಮ್ಯಾಲೂ ಇವಾ ಮಾಡಿದ್ದರ ಇವತ್ತ ಸಂಜೀಕ ಮನಿಗೆ. ಹೇಳಿದ ಮಾತು ಕೇಳದಂವ ನನಗ ಬ್ಯಾಡ."

ನಾನು ಹೇಳಿದ್ದೆ. ನನಗೆ ನೆನಪಿತ್ತು. ಮಂಜಾದ ನೆನಪಲ್ಲ, ಕಣ್ಣಿಗೆ ಕಟ್ಟಿದಂಥದು. ಮೊದಲ ವಾರ, ಗ್ರಿಟ್ ಪೆಟ್ಟಿಗೆಯ ಪಕ್ಕ ನಿಂತಿದ್ದೇನೆ. ಬಟ್ಟೆಯಲ್ಲಿ ಸ್ಲೀವ್ ಎತ್ತಿ ಹಿಡಿದು, "ಇದಕ್ಕ ಬರಿಗೈ ಹಚ್ಚಬ್ಯಾಡ್ರಿ ಮಿಸ್ತ್ರಿ" ಅನ್ನುತ್ತಿದ್ದೇನೆ. ಅವರು ತಲೆಯಾಡಿಸುತ್ತಾರೆ. ಕಿಟಕಿಯಿಂದ ಬಿಸಿಲು ಬಂದು ಒರಟು ಉಕ್ಕಿನ ಮೇಲೆ ಬಿದ್ದಿದೆ.

ಕಿಟಕಿ. ಗ್ರಿಟ್ ಪೆಟ್ಟಿಗೆ ಮೊದಲ ವಾರ ಕಿಟಕಿಯ ಹತ್ತಿರ ಇರಲಿಲ್ಲ. ಒಳಗಿನ ಮೂಲೆಯಲ್ಲಿತ್ತು. ಧೂಳು ಹೆಚ್ಚಾಯಿತೆಂದು ಅದನ್ನು ಕಿಟಕಿಗೆ ಸರಿಸಿದ್ದು ಒಂದು ತಿಂಗಳ ಮೇಲೆ. ಸರಿಸುವಾಗ ಒಂದು ಕಡೆ ನಾನೇ ಹೊತ್ತಿದ್ದೆ. ಹಾಗಾದರೆ ಈ ಬಿಸಿಲು ಎಲ್ಲಿಂದ ಬಂತು? ಬಿಸಿಲನ್ನು ನಾನೇ ಸೇರಿಸಿದ್ದೆನಾದರೆ ಮಾತನ್ನೂ ನಾನೇ ಸೇರಿಸಿರಬಹುದು. ಮನಸ್ಸಿನಲ್ಲಿ ಅಂದುಕೊಂಡದ್ದು ಆಡಿದ್ದಾಗಿ ಬದಲಾಗಿರಬಹುದು. ನನ್ನ ಪಕ್ಕದಲ್ಲಿ ನಿಂತಿದ್ದ ಮನುಷ್ಯ ಇಪ್ಪತ್ತು ಶಾಫ್ಟುಗಳ ಅಳತೆಯನ್ನು ಕಾಗದವಿಲ್ಲದೆ ತಲೆಯಲ್ಲಿ ಇಟ್ಟುಕೊಂಡವನು. ನಾನು ಹೇಳೇ ಇಲ್ಲವೆಂದು ಅವನು ಅನ್ನುತ್ತಿದ್ದ. ನಾನು ಹತ್ತು ನಿಮಿಷದ ಹಿಂದಿನ ಊಟ ಮರೆಯುತ್ತಿದ್ದವನು.

"ಹೇಳಿಲ್ಲ ಸಾವ್ಕಾರ್ರ. ಹೇಳಬೇಕಿತ್ತು. ಕಾರ್ಯವಿಧಾನದ ಹಾಳೆಯೊಳಗ ಇಂಗ್ಲಿಷಿನಾಗ ಬರದೀನಿ. ಅವರಿಗೆ ಓದಿ ಹೇಳಿಲ್ಲ."

ಸಾವ್ಕಾರರು ಸ್ಲೀವ್‌ಗಳನ್ನು ಮೇಜಿನ ಅಂಚಿಗೆ ಸರಿಸಿದರು.

"ಕಲಿತವರು ಅಂತ ಕರ್ಕೊಂಡು ಬಂದೆ" ಎಂದರು. ಆಮೇಲೆ ಮಿಸ್ತ್ರಿಗೆ, "ಹೋಗು, ಕಾಮ ಚಾಲೂ ಮಾಡು."

ಹೊರಗೆ ಬಂದ ಮೇಲೂ ಮಿಸ್ತ್ರಿ ಲೇಥಿನ ಹತ್ತಿರ ಹೋಗಲಿಲ್ಲ. ಹ್ಯಾಂಡ್ ಪಂಪಿನ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚತೊಡಗಿದರು. ನಾನು ಎದುರಿಗೆ ನಿಂತೆ. ನಮಸ್ಕಾರ ಬಿಡಿ ಎಂದು ಅವರಿಗೆ ಹೇಳಬೇಕಿತ್ತು. ನನಗೆ ದೇವರಲ್ಲಿ ನಂಬಿಕೆ ಇಲ್ಲ, ಆಗಲೂ ಇರಲಿಲ್ಲ. ಆದರೂ ನಾನು ಹೇಳಿದ್ದು ಬೇರೆ.

"ಲೇಥಿಗೆ ಮಾಡ್ರಿ ನಮಸ್ಕಾರ. ಸ್ಲೀವ್ ಬಿಡ್ರಿ."

"ಲೇಥ್ ನಂದು. ದಿನಾ ಇರೂದು. ಸ್ಲೀವ್ ಹೊಸದು, ಮಂದೀದು. ಕೇಳಬೇಕಾದ್ದು ಅದನ್ನ." ಎಲೆ ಮಡಚಿ ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಜಗಿದರು. "ಗ್ರಿಟ್ ಹೊಡಿಯೂದಕಿಂತ ಮೊದಲ ಮಾಡಿದ್ರ?"

ಅದು ನನಗೆ ಹೊಳೆದಿರಲಿಲ್ಲ. "ನಡೀತದ. ಸ್ಪಿರಿಟ್ ಹಾಕಿ ಒರಸಿ ಗ್ರಿಟ್ ಹೊಡದ್ರ ಎಲ್ಲಾ ಹೋಗ್ತದ."

"ನಮಸ್ಕಾರಾನೂ ಹೋಗ್ತದೇನ್ರಿ?"

"ಎಣ್ಣಿ ಅಷ್ಟ ಹೋಗ್ತದ ಮಿಸ್ತ್ರಿ."

ಅವರು ತಲೆಯಾಡಿಸಿ ಎದ್ದರು. ಮರುದಿನ ಹಾಳೆಯನ್ನು ಕನ್ನಡದಲ್ಲಿ ಬರೆದು, ಗನ್ ನಿಲ್ಲಿಸಿ, ಅವರ ಬಲಗಿವಿಯ ಕಡೆ ನಿಂತು ಓದಿ ಹೇಳಿದೆ. ಮೂರು ದಿನದಲ್ಲಿ ಹನ್ನೆರಡು ಸ್ಲೀವ್ ಆದವು. ಪ್ರತಿ ಬೆಳಿಗ್ಗೆ ಮಿಸ್ತ್ರಿ ಎಣ್ಣೆಗೈಯಲ್ಲೇ ಬೋಳು ಉಕ್ಕನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಳಿಕ ಅದೇ ಜಾಗಕ್ಕೆ ಉಳಿದ ಜಾಗಕ್ಕಿಂತ ಎರಡು ಪಟ್ಟು ಹೊತ್ತು ಗ್ರಿಟ್ ಹೊಡೆಯುತ್ತಿದ್ದರು. ಒಂದೂ ಕೆಡಲಿಲ್ಲ.

ಪಂಪ್ ಹೌಸಿನ ಎಂಜಿನಿಯರು ಒಂದು ಸ್ಲೀವಿಗೆ ಕಾನಸು ತಿಕ್ಕಿ ನೋಡಿದರು. ಕಾನಸಿನ ಹಲ್ಲೇ ನುಣುಪಾಯಿತು. "ಠೀಕ ಆಹೇ, ಬಸವೂ ಯಾ", ಸರಿಯಿದೆ, ಕೂರಿಸೋಣ, ಎಂದು ಅಂದೇ ಎರಡು ಪಂಪಿಗೆ ಕೂರಿಸಿ, ಎರಡು ತಿಂಗಳು ಬಿಟ್ಟು ಬರಲು ಹೇಳಿದರು. ಎರಡು ತಿಂಗಳ ಮೇಲೆ ನಾನೂ ಮಿಸ್ತ್ರಿಯೂ ಹೋದೆವು. ಪಂಪ್ ಬಿಚ್ಚಿದಾಗ ಪ್ಯಾಕಿಂಗಿನ ತುಂಬ ಉಸುಕು. ಸ್ಲೀವಿನ ಮೇಲೆ ಗ್ರೈಂಡಿಂಗಿನ ಗೆರೆಗಳು ಇನ್ನೂ ಕಾಣುತ್ತಿದ್ದವು. ಮಿಸ್ತ್ರಿ ಹೆಬ್ಬೆರಳಿನ ಉಗುರು ಎಳೆದು ನೋಡಿ ಕೈ ತೊಳೆದುಕೊಂಡರು. ಎಂಜಿನಿಯರು ಉಳಿದ ಪಂಪುಗಳಿಗೂ ಬೇಕೆಂದರು. ನನಗೆ ಖುಷಿಗಿಂತ ನಿದ್ದೆ ಬಂದಂತಾಗಿತ್ತು.

ಮರಳುವಾಗ ಬಸ್ಸಿನಲ್ಲಿ ಅವರು ಕಿಟಕಿಗೆ ಕೂತಿದ್ದರು, ನಾನು ಪಕ್ಕದಲ್ಲಿ. ನಾನು ಅರ್ಧ ನಿದ್ದೆಯಲ್ಲಿದ್ದೆ. ಕುಂಭಾರಿ ಬರುವ ಮುಂಚೆ ಅವರು ಚೀಲ ಎತ್ತಿಕೊಂಡು ನನ್ನ ಮೊಣಕಾಲು ದಾಟಿ ನಿಂತು, ಬಾಗಿ, ಬಸ್ಸಿನ ಸದ್ದಿನ ಮೇಲೆ ಗಟ್ಟಿಯಾಗಿ ಹೇಳಿದರು:

"ಸಾಯಬ್ರ, ಆವತ್ತ ನೀವು ನನಗ ಹೇಳಿದ್ರಿ. ಕೈ ಹಚ್ಚಬ್ಯಾಡ ಅಂತ. ನನಗ ಆಮ್ಯಾಲ ನೆಪ್ಪಾತು."

"ಯಾವಾಗ ಹೇಳಿದ್ದೆ? ಎಲ್ಲಿ ನಿಂತಿದ್ವಿ?"

ಕಂಡಕ್ಟರ್ ಗಂಟೆ ಬಾರಿಸಿದ. ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಾದರೋ, ಇಳಿದು ಹೋದರು. ನಿಜವಾಗಿಯೂ ನೆನಪಾಗಿತ್ತೋ, ಅಥವಾ ಆಫೀಸಿನಲ್ಲಿ ನಾನು ಅವರಿಗಾಗಿ ಸುಳ್ಳು ಹೇಳಿದೆನೆಂದು ತಿಳಿದು ತಾವೂ ನನಗಾಗಿ ಒಂದು ಸುಳ್ಳು ಹೇಳಿದರೋ, ಗೊತ್ತಾಗಲಿಲ್ಲ. ಮರುದಿನ ಅವರು ಎಂದಿನಂತೆ ಬಂದು ಲೇಥಿಗೆ ಎಣ್ಣೆ ಬಿಟ್ಟರು. ನಾನು ಕೇಳಲಿಲ್ಲ. ಅವರು ಹೌದೆಂದರೂ ಇಲ್ಲವೆಂದರೂ, ಮುಂದೆ ನನಗೆ ನೆನಪಿರುವುದು ಅವರ ಉತ್ತರವೋ ನಾನೇ ಕಟ್ಟಿಕೊಂಡದ್ದೋ ಎಂದು ಹೇಳುವುದು ಕಷ್ಟವಾಗುತ್ತಿತ್ತು.